ಎಣ್ಣೆ ಬೇಡ ಅಂದದ್ದು ಯಾರಿಗೆ

ನನ್ನ ಗಂಡ ಬಡಗಿ. ಅವರು ಹೋಗಿ ಒಂದು ಚಳಿಗಾಲ ಕಳೆಯಿತು. ಅವರು ಮಾಡಿದ ಕೊನೆಯ ಸಾಮಾನು ಒಂದು ಪೆಟ್ಟಿಗೆ. ಚೆರಿ ಮರದ್ದು. ನನ್ನ ಸೂಜಿ ದಾರ ಇಡಲು ಮಾಡಿದ್ದು. ಕೆಲಸವೆಲ್ಲ ಮುಗಿದಿತ್ತು, ಮೇಲೆ ಏನಾದರೂ ಹಚ್ಚುವುದೊಂದು ಬಾಕಿ. ಅಷ್ಟರಲ್ಲಿ ಆಸ್ಪತ್ರೆ ಸೇರಿದರು. ಅಲ್ಲಿ ಅವರ ಬಾಯಿಂದ ಬಂದ ಕೊನೆಯ ಮಾತು "ಎಣ್ಣೆ ಬೇಡ".

ಅದು ಪೆಟ್ಟಿಗೆಯ ಮಾತೋ, ಮಂಚದ ಪಕ್ಕ ಕೂತಿದ್ದ ಕುಡುಕನಿಗೆ ಹೇಳಿದ ಮಾತೋ ನನಗೆ ತಿಳಿಯಲಿಲ್ಲ. ತಿಳಿಯದೆ ಪೆಟ್ಟಿಗೆ ಮುಟ್ಟುವ ಹಾಗಿರಲಿಲ್ಲ. ಒಮ್ಮೆ ಮರ ಕುಡಿದದ್ದನ್ನು ವಾಪಸು ತೆಗೆಯಲು ಆಗುವುದಿಲ್ಲ.

ಅವರದು ಮಾತು ಕಡಿಮೆ. ಪೆನ್ಸಿಲ್ ಯಾವಾಗಲೂ ಕಿವಿಯ ಮೇಲೆ. ಮಲಗುವಾಗಲೂ ತೆಗೆಯಲು ಮರೆಯುತ್ತಿದ್ದರು. ಬೆಳಗ್ಗೆ ಎದ್ದರೆ ನನ್ನ ಕೆನ್ನೆಯ ಮೇಲೆ ಗೆರೆ. ಮರ ಕೊಯ್ಯುವ ಮುಂಚೆ ಮೂಸುತ್ತಿದ್ದರು, ಅಂಗಡಿಯಲ್ಲಿ ಹಣ್ಣು ಮೂಸುವ ಹಾಗೆ. ಕೆಲಸ ಚೆನ್ನಾಗಿ ಬಂದರೆ "ಇರಲಿ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಹತ್ತಿರ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನೊಂದು ಅಂಗಿ ಹೊಲಿದು ಕೊಟ್ಟೆ. ತೊಟ್ಟರು, ಕೈ ಮೇಲೆತ್ತಿ ಕೆಳಗಿಳಿಸಿ ನೋಡಿದರು, "ಇರಲಿ" ಅಂದರು. ನಾನು ಅಡುಗೆಮನೆಗೆ ಹೋಗಿ ಅಳುತ್ತಾ ನಿಂತೆ.

ಅತ್ತೆಯವರು ಬಂದು, "ಅಯ್ಯೋ ಹುಚ್ಚಿ, ನನ್ನ ಅಡುಗೆಗೆ ಅವನು ಇವತ್ತಿನವರೆಗೂ ಅಷ್ಟು ಹೇಳಿಲ್ಲ" ಅಂದರು.

ಮುಂದಿನ ಕೋಣೆಯೇ ನಮ್ಮಿಬ್ಬರ ಕೆಲಸದ ಜಾಗ. ಬೀದಿಗೆ ಒಂದೇ ಕಿಟಕಿ. ಅದರ ಆ ಕಡೆ ಅವರ ಬೆಂಚು, ಈ ಕಡೆ ನನ್ನ ಹೊಲಿಗೆ ಮಿಷನ್. ಅವರ ಮರದ ಪುಡಿ ನನ್ನ ಬಟ್ಟೆಯ ಮೇಲೆ, ನನ್ನ ದಾರದ ಚೂರು ಅವರ ಅಂಟಿನೊಳಗೆ. ಜಗಳ ದಿನಾ ಇತ್ತು. ಬೆಳಕಿಗಾಗಿ ಇನ್ನೊಂದು ಜಗಳ. ಬೇರೆ ಜಾಗ ಹುಡುಕೋಣ ಎಂದು ಇಬ್ಬರೂ ಅನ್ನುತ್ತಿದ್ದೆವು. ಹುಡುಕಲಿಲ್ಲ.

ಬೀದಿಯ ಮನೆಗಳಿಗೆಲ್ಲ ಅವರು ಮಾಡಿದ ಕಪಾಟು, ಬಾಗಿಲು, ಮಂಚ. ನಮ್ಮ ಮನೆಯಲ್ಲಿ ಒಂದು ಕಾಲು ಗಿಡ್ಡವಾದ ಸ್ಟೂಲು, ಅದರ ಕೆಳಗೆ ಮಡಚಿಟ್ಟ ರಟ್ಟು. ನನ್ನ ಸೂಜಿ ದಾರಕ್ಕೆ ಬಿಸ್ಕತ್ತಿನ ಡಬ್ಬ. ಮನೆಗೆ ಬಂದವರು ಆಸೆಯಿಂದ ಮುಚ್ಚಳ ತೆಗೆದು, ಗುಂಡಿ ನೋಡಿ ಪೆಚ್ಚಾಗುತ್ತಿದ್ದರು.

"ಬಡಗಿ ಹೆಂಡ್ತಿ ನಾನು, ಬಿಸ್ಕತ್ ಡಬ್ಬದಲ್ಲಿ ದಾರ ಇಡ್ತೀನಿ" ಎಂದು ನಾನು ಬಂದ ಗಿರಾಕಿಗಳ ಎದುರಿಗೇ ಅನ್ನುತ್ತಿದ್ದೆ.

"ಮಾಡಿಕೊಡೋಣ" ಎನ್ನುತ್ತಿದ್ದರು.

"ಯಾವಾಗ? ನನ್ನ ಕಣ್ಣು ಸೂಜಿ ಕಾಣದ ಹಾಗೆ ಆದಮೇಲಾ?"

ಅದಕ್ಕೆ ಮರ ಹೆರೆಯುವ ಕೀಸುಳಿಯ ಸದ್ದು ಬರುತ್ತಿತ್ತು.

ತಪ್ಪು ಮಾಡದವರೇನಲ್ಲ. ಮಗಳು ಚಿಕ್ಕವಳಿದ್ದಾಗ ಒಂದು ದೊಡ್ಡ ಮನೆಗೆ ಬಟ್ಟೆ ಇಡುವ ಕಪಾಟು ಮಾಡಿಕೊಟ್ಟರು. ಹೊರಗೆ ಅಗಸೆ ಎಣ್ಣೆ ಒರೆಸಿದ್ದು ಚೆನ್ನಾಗಿ ಬಂತು ಎಂದು ಖುಷಿಯಲ್ಲಿ ಖಾನೆಗಳ ಒಳಗೂ ಒರೆಸಿಬಿಟ್ಟರು. ಕೆಲವು ದಿನಕ್ಕೆ ಆ ಮನೆಯ ಯಜಮಾನಿ ಬಿಳಿ ಹೊದಿಕೆಗಳ ಗಂಟು ಹೊತ್ತು ಬಂದು ನಮ್ಮ ಬಾಗಿಲಲ್ಲಿ ನಿಂತಳು.

"ಮೂಸಿ ನೋಡಿ" ಅಂದಳು. "ಮಲಗಿದ್ರೆ ಮೀನಿನ ಅಂಗಡೀಲಿ ಮಲಗಿದ ಹಾಗಿರುತ್ತೆ."

ಅವರು ಖಾನೆ ಹೊಸದು ಮಾಡಿದರು. ಹೊದಿಕೆ ಕುದಿಸಿ ಒಗೆದವಳು ನಾನು. ಸೋಪು ಹಾಕಿದೆ, ಸೋಡ ಹಾಕಿದೆ, ಬೈಗುಳ ಹಾಕಿದೆ. ನನ್ನ ಉಗುರು ಸುಲಿದು ಹೋಯಿತು. ನನಗೆ ನೆನಪಿನಲ್ಲಿ ಉಳಿದದ್ದು ಆ ಉಗುರು. ಕಪಾಟು ಮರೆತಿತ್ತು.

ಈಗ ಆ ಕುಡುಕನ ವಿಷಯ. ಅವನನ್ನು ಬೀದಿಯಲ್ಲಿ ಎಲ್ಲರೂ ಪಾಲಿಶ್ ಎಂದೇ ಕರೆಯುವುದು. ನನ್ನ ಗಂಡ ಮಾಡಿದ ಸಾಮಾನಿಗೆ ಪಾಲಿಶ್ ಹಾಕುವವನು ಅವನು. ಅರಗಿನ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಸುತ್ತಿ ಸುತ್ತಿ ಉಜ್ಜುತ್ತಾನೆ. ಮುಖ ಕಾಣುವಷ್ಟು ಹೊಳಪು ಬರುತ್ತದೆ. ನನ್ನ ಗಂಡನಿಗಿಂತ ಚಿಕ್ಕವನು. ಅವರನ್ನು ಅಣ್ಣ ಎನ್ನುತ್ತಿದ್ದ, ನನ್ನನ್ನು ಅತ್ತಿಗೆ ಎನ್ನುತ್ತಾನೆ. ಅವನ ಹೆಂಡತಿ ಸಾಕಾಗಿ ತನ್ನ ತಮ್ಮನ ಮನೆಗೆ ಹೋಗಿ ಕೂತಿದ್ದಾಳೆ. ಅವಳ ತಪ್ಪಿಲ್ಲ.

ಸ್ಪಿರಿಟ್ಟಿನ ಕೆಲಸ ಅವನಿಗೆ ಒಳ್ಳೆಯ ನೆಪ. ಹತ್ತಿರ ಬಂದರೆ ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ.

"ಅತ್ತಿಗೆ, ಇದು ಪಾಲಿಶ್ ವಾಸನೆ."

"ಬಾಯಿಂದ ಬರ್ತಿದೆಯಲ್ಲೋ. ನಾಲಿಗೆಗೂ ಪಾಲಿಶ್ ಹಾಕ್ತೀಯಾ?"

"ಗಿರಾಕಿ ಹತ್ರ ನಯವಾಗಿ ಮಾತಾಡಬೇಕಲ್ಲ ಅತ್ತಿಗೆ!"

ನಮ್ಮ ಕಡೆ ಕುಡಿತಕ್ಕೂ ಎಣ್ಣೆ ಎಂದೇ ಅನ್ನುವುದು. ಅದರಿಂದ ಬಂದ ತಮಾಷೆ ಒಂದಿತ್ತು. ನನ್ನ ಗಂಡ ಒಂದು ತೊಟ್ಟೂ ಕುಡಿದವರಲ್ಲ. ಆದರೆ ಮರಕ್ಕೆ ಎಣ್ಣೆಯೇ ಸರಿ ಎಂದು ವಾದಿಸುವವರು. ಪಾಲಿಶ್ ಸಂಜೆಯಾದರೆ ತೂರಾಡುವವನು. ಆದರೆ ಮರಕ್ಕೆ ಎಣ್ಣೆ ಎಂದರೆ ಮುಖ ಸಿಂಡರಿಸುವವನು. ಬೆಂಚಿನ ಹತ್ತಿರ ನಿಂತು, "ಎಣ್ಣೆ ಹಾಕೋ ಅಣ್ಣ ನೀನು, ಎಣ್ಣೆ ಕಂಡ್ರೆ ಆಗದೋನು ನಾನು. ಬೀದಿಯವರು ತಿರುಗಾಮುರುಗಾ ತಿಳ್ಕೊಂಡಿದ್ದಾರೆ" ಎನ್ನುತ್ತಿದ್ದ. ಪ್ರತಿ ಸಲ ಅದೇ ಮಾತು. ಪ್ರತಿ ಸಲ ನನ್ನ ಗಂಡ ನಗುತ್ತಿದ್ದರು. ಕೀಸುಳಿ ನಿಲ್ಲಿಸಿ ನಗುತ್ತಿದ್ದರು. ನನ್ನ ಮಾತಿಗೆ ಅಷ್ಟು ನಕ್ಕದ್ದು ನೋಡಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು.

ಚೆರಿ ಮರ ಬಂದದ್ದು ಒಂದು ಗಡಿಯಾರದ ಅಂಗಡಿಯಿಂದ. ಅಂಗಡಿ ಮುಚ್ಚಿದರು. ಗೋಡೆಯ ಹಲಗೆಗಳನ್ನು ಕೀಳಲು ಇವರನ್ನು ಕರೆದರು, ಬೇಕಾದ್ದು ತಗೊಂಡು ಹೋಗಿ ಅಂದರು. ಸಂಜೆ ಒಂದು ಕಪ್ಪಾದ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಸೌದೆಗೆ ತಂದಿದ್ದಾರೆ ಎಂದುಕೊಂಡೆ. ಕೀಸುಳಿ ಹಾಕಿದರು. ಕಪ್ಪು ಸುರುಳಿ ಸುರುಳಿಯಾಗಿ ಬಿತ್ತು. ಒಳಗೆ ಮಗುವಿನ ಅಂಗಾಲಿನ ಬಣ್ಣ.

"ನೋಡೇ ಇಲ್ಲಿ" ಅಂದರು.

"ಎಷ್ಟು ತಿಳಿಯಾಗಿದೆ! ಇದಕ್ಕೆ ಯಾವ ಬಣ್ಣ ಹಚ್ತೀರಿ?"

"ಈ ಮರಕ್ಕೆ ಬಣ್ಣ ಹಚ್ಚೋದಲ್ಲ, ತಾನೇ ಬರುತ್ತೆ. ಎಣ್ಣೆ ಒರೆಸಿ ಬಿಸಿಲು ತೋರಿಸಿದ್ರೆ ಸಾಕು. ದಿನಾ ಒಂಚೂರು ಕೆಂಪಗಾಗುತ್ತೆ. ಮುಂದಿನ ವರ್ಷ ಈ ಹೊತ್ತಿಗೆ ನೋಡು."

ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನನಗೆ ನೆನಪಿದೆ.

ಪೆಟ್ಟಿಗೆ ನಿಧಾನವಾಗಿ ಆಯಿತು. ಗಿರಾಕಿಯ ಕೆಲಸದ ನಡುವೆ ಸಿಕ್ಕಿದ ಹೊತ್ತಲ್ಲಿ ಮಾಡಿದರು. ಮೇಲೆ ಮುಚ್ಚಳ, ಕೆಳಗೆ ಒಂದು ಖಾನೆ. ಖಾನೆಯಲ್ಲಿ ದಾರದ ಉಂಡೆಗಳು ನಿಲ್ಲಲು ಪುಟ್ಟ ಗೂಟಗಳು. ಮೂಲೆಗಳಲ್ಲಿ ಮರಕ್ಕೆ ಮರ, ಬೆರಳಿಗೆ ಬೆರಳು ಹೆಣೆದ ಹಾಗೆ. ಒಂದು ಮೊಳೆ ಇಲ್ಲ. ಖಾನೆಯ ಹಿಡಿಗೆ ಅಂಗಿಯ ಗುಂಡಿಯ ಆಕಾರ, ನಡುವೆ ತೂತುಗಳೂ ಇವೆ. ನಾನು ನೋಡಿ "ಇರಲಿ" ಅಂದೆ. ಅವತ್ತು ನಕ್ಕರು. ಪಾಲಿಶ್‌ನ ಮಾತಿಗೆ ನಗುವಷ್ಟೇ ನಕ್ಕರು.

ಉಪ್ಪುಕಾಗದ ಹಾಕಿ ಕಿಟಕಿಯಲ್ಲಿ ಇಟ್ಟರು. ಬೆಳಗ್ಗೆ ಒಂದು ಮಗ್ಗುಲು, ಮಧ್ಯಾಹ್ನ ಇನ್ನೊಂದು ಮಗ್ಗುಲು. ಒಂದೇ ಕಡೆ ಬಿಸಿಲು ಬಿದ್ದರೆ ಒಂದೇ ಕಡೆ ಬಣ್ಣ ಬರುತ್ತದಂತೆ. ಹೊಟ್ಟೆನೋವು ಎಂದು ಬೆಂಚಿನ ಮೇಲೆ ಬಗ್ಗಿದ್ದು ಆ ದಿನಗಳಲ್ಲೇ. ಗ್ಯಾಸು ಅಂದರು. ಗ್ಯಾಸು ಅಲ್ಲ.

ಆಸ್ಪತ್ರೆಯಲ್ಲಿ ಕೊಯ್ದು ಹೊಲಿದರು. ಹೊಲಿಗೆ ನಾನು ನೋಡಿದೆ. ದೂರ ದೂರ ಹಾಕಿದ್ದರು. ನಾನಾದರೆ ಹಾಗೆ ಬಿಡುತ್ತಿರಲಿಲ್ಲ. ಆಮೇಲೆ ಅವರ ಮಾತು ಇನ್ನೂ ಕಡಿಮೆಯಾಯಿತು. ತುಟಿಗೆ ಕಿವಿ ಹಚ್ಚಿ ಕೇಳಬೇಕು.

ಒಂದು ಮಧ್ಯಾಹ್ನ ಪಾಲಿಶ್ ಬಂದ. ಹಗಲಲ್ಲೇ ಹಾಕಿಕೊಂಡಿದ್ದ. ಪಕ್ಕದ ಮಂಚದವರು ಆಚೆ ತಿರುಗಿ ಮಲಗಿದರು. ಸ್ಟೂಲಿನ ಮೇಲೆ ಕೂತು, ನನ್ನ ಗಂಡನ ಪಾದ ಹಿಡಿದುಕೊಂಡು, ಒಂದೇ ಸಮ ಮಾತಾಡಿದ.

"ಅಣ್ಣ, ಪೆಟ್ಟಿಗೆ ಕಿಟಕೀಲಿ ಕೂತಿದೆ. ನೋಡ್ಕೊಂಡು ಬಂದೆ. ಒಳ್ಳೇ ಮದುಮಗಳ ಹಾಗಿದೆ. ನೀನು ಬಂದು ಎಣ್ಣೆ ಹಚ್ತೀಯೋ, ಇಲ್ಲಾ ನಾನೇ ಒಂದು ಕೈ ಪಾಲಿಶ್ ಎಳೀಲೋ? ಹೇಳಣ್ಣ. ಏನಾದ್ರೂ ಹೇಳು."

ಅವರು ಕಣ್ಣು ಬಿಟ್ಟರು. ಅವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮೇಲೆ ಫ್ಯಾನಿನ ಕಡೆ ನೋಡಿ, ಇಬ್ಬರಿಗೂ ಕೇಳಿಸುವ ಹಾಗೆ "ಎಣ್ಣೆ ಬೇಡ" ಅಂದರು. ಇನ್ನೇನೋ ಹೇಳಲು ತುಟಿ ಆಡಿಸಿದರು. ಕೆಮ್ಮು ಬಂತು. ನರ್ಸ್ ಬಂದು ನಮ್ಮನ್ನು ಆಚೆ ಕಳಿಸಿದಳು. ಮತ್ತೆ ಅವರು ಮಾತಾಡಲಿಲ್ಲ.

ಎಲ್ಲ ಮುಗಿದು, ಬಂದವರು ಹೋಗಿ, ಮನೆ ಖಾಲಿಯಾದ ಮೇಲೂ ನಾನು ಪೆಟ್ಟಿಗೆಯನ್ನು ಕಿಟಕಿಯಲ್ಲಿ ತಿರುಗಿಸಿ ಇಡುತ್ತಿದ್ದೆ. ಬೆಳಗ್ಗೆ ಒಂದು ಮಗ್ಗುಲು, ಮಧ್ಯಾಹ್ನ ಇನ್ನೊಂದು. ಅದೊಂದೇ ಕೆಲಸ ಸರಿಯಾಗಿ ಮಾಡುತ್ತಿದ್ದೆ. ಉಪ್ಪು ಹಾಕಿದ ಪಾತ್ರೆಗೇ ಮತ್ತೆ ಉಪ್ಪು ಹಾಕುತ್ತಿದ್ದ ದಿನಗಳು ಅವು.

ಮಗಳು ಬಾತ್‌ರೂಮಿನ ಟೈಲ್ಸ್ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಎಲ್ಲವೂ ಹೊಳೆಯಬೇಕು. "ಅಮ್ಮಾ, ಅಪ್ಪನ ನೆನಪಿನ ಸಾಮಾನು, ಬೋಳು ಮರ ಹೀಗೆ ಇಟ್ಕೊಂಡ್ರೆ ಕೊಳೆ ಹಿಡಿಯುತ್ತೆ" ಎಂದು ಡಬ್ಬದಲ್ಲಿ ಕಂದು ಬಣ್ಣ ತಂದಳು. ಮೂಲೆಯಲ್ಲಿದ್ದ ಅದೇ ಮರದ ತುಂಡೊಂದಕ್ಕೆ ಹಚ್ಚಿ ನೋಡಿದೆವು. ಒಂದು ಕಡೆ ಕಪ್ಪಗೆ ಹೀರಿತು, ಒಂದು ಕಡೆ ಹೀರಲೇ ಇಲ್ಲ. ಮುಖದ ಮೇಲೆ ಕಜ್ಜಿ ಎದ್ದ ಹಾಗಾಯಿತು. ಅವಳು ಮಾತಾಡದೆ ಡಬ್ಬ ಮುಚ್ಚಿದಳು. ಬಾಯಿ ಮುಚ್ಚುವುದನ್ನು ಅವಳು ಅಪ್ಪನಿಂದ ಕಲಿತಿದ್ದಾಳೆ. ಯಾವಾಗಲೂ ಅಲ್ಲ, ಒಮ್ಮೊಮ್ಮೆ.

ಪಾಲಿಶ್ ಅರಗಿನ ಬಾಟಲಿ ಹಿಡಿದು ಬಂದ.

"ಅತ್ತಿಗೆ, ಅಣ್ಣ ಬಾಯಿಬಿಟ್ಟು ಹೇಳಿದ್ದಾನೆ. ಎಣ್ಣೆ ಬೇಡ ಅಂದ. ನಾನು ಕೇಳಿದ್ದಕ್ಕೇ ಉತ್ತರ ಕೊಟ್ಟ. ಅಂದ್ರೆ ಪಾಲಿಶ್ ಹಾಕು ಅಂತ ತಾನೆ?"

"ನಿನ್ನ ಬಾಯಿ ವಾಸನೆಗೆ ಹೇಳಿದ್ದು ಅದು."

"ಸಾಯೋ ಹೊತ್ತಲ್ಲಿ ನನ್ನ ವಾಸನೆ ಯಾಕೆ ಯೋಚಿಸ್ತಾನೆ ಅತ್ತಿಗೆ?"

"ಅವರಿಗೆ ನಿನ್ನದೇ ಯೋಚನೆ. ನಿನ್ನ ಜೋಕಿಗೆ ನಕ್ಕು ನಕ್ಕೇ ಆಯುಸ್ಸು ಕಳೆದ್ರು."

ಅವನ ಮುಖ ಸಣ್ಣದಾಯಿತು. "ಪೆಟ್ಟಿಗೆಗೇ ಹೇಳಿದ್ದು" ಎಂದು ಗೊಣಗಿದ. ಬಾಟಲಿ ಹಿಡಿದೇ ಹೋದ.

ಅವನಿಗೆ ಆ ಮಾತು ಪೆಟ್ಟಿಗೆಯದಾಗಬೇಕಿತ್ತು. ತನಗೆ ಹೇಳಿದ್ದು ಎಂದು ಒಪ್ಪಿದರೆ ಬಾಟಲಿ ಬಿಡಬೇಕಾಗುತ್ತದೆ. ಅದು ನನಗೆ ಅರ್ಥವಾಯಿತು. ನನ್ನ ಕಷ್ಟ ಬೇರೆ. ಪೆಟ್ಟಿಗೆಗೆ ಎಣ್ಣೆ ಹಚ್ಚಬೇಕೆಂದೇ ನನ್ನ ಆಸೆ. ಅವರು ಅವತ್ತು ಒಂದೇ ಉಸಿರಿಗೆ ಹೇಳಿದ ಆ ಕೆಂಪು ನನಗೆ ಬೇಕಿತ್ತು. ಆದರೆ ಎಣ್ಣೆ ಹಚ್ಚಿದರೆ ಅವರ ಕೊನೆಯ ಮಾತು ಆ ಕುಡುಕನಿಗೆ ಹೇಳಿದ್ದು ಎಂದಾಗುತ್ತದೆ. ಹಚ್ಚದಿದ್ದರೆ ಅದು ನನ್ನ ಪೆಟ್ಟಿಗೆಯ ಮಾತು, ನನಗೆ ಹೇಳಿದ ಮಾತು. ಇಡೀ ಬಾಳು ಅವರ ಪಕ್ಕದ ಬೆಳಕಲ್ಲಿ ಕೂತು ಹೊಲಿದವಳು ನಾನು. ಕೊನೆಯ ಮಾತು ಅವನ ಪಾಲಿಗೆ ಹೋಗಬೇಕೆ? ಕೊಡುವ ಮನಸ್ಸಾಗಲಿಲ್ಲ. ಹಚ್ಚುವ ಧೈರ್ಯವೂ ಬರಲಿಲ್ಲ. ಪೆಟ್ಟಿಗೆ ಹಾಗೇ ಕೂತಿತ್ತು. ಬೋಳಾಗಿಯೇ ಸ್ವಲ್ಪ ಸ್ವಲ್ಪ ಕೆಂಪಗಾಗುತ್ತಿತ್ತು.

ಒಂದು ದಿನ ಸುಮ್ಮನಿರಲಾರದೆ, ಉಳಿದಿದ್ದ ಇನ್ನೊಂದು ತುಂಡಿಗೆ ಅಗಸೆ ಎಣ್ಣೆ ಒರೆಸಿದೆ. ಅವರು ಮಾಡುತ್ತಿದ್ದ ಹಾಗೆಯೇ. ತುಂಬ ಹಚ್ಚಿ, ಕುಡಿಯಲು ಬಿಟ್ಟು, ಉಳಿದದ್ದನ್ನು ಒಣಬಟ್ಟೆಯಿಂದ ತೆಗೆದೆ. ಆ ಬಟ್ಟೆಯನ್ನು ಮುದುರಿ ಎಸೆಯದೆ ಹಗ್ಗದ ಮೇಲೆ ಹರವಿದೆ. ಮುದುರಿದರೆ ತಾನೇ ಹೊತ್ತಿಕೊಳ್ಳುತ್ತದೆ ಎಂದು ಅವರು ಬೈಯುತ್ತಿದ್ದರು. ಮರದೊಳಗೆ ದೀಪ ಹಚ್ಚಿದ ಹಾಗೆ ಬಂತು. ದಾರದ ಪಕ್ಕ ಹೇಗೆ ಕಾಣುತ್ತದೆ ನೋಡೋಣ ಎಂದು ತುಂಡನ್ನು ಬಿಸ್ಕತ್ತಿನ ಡಬ್ಬದಲ್ಲಿ ಬಿಳಿ ದಾರದ ಉಂಡೆಯ ಮೇಲೆ ಇಟ್ಟೆ. ಬಾಗಿಲಲ್ಲಿ ಯಾರೋ ಕರೆದರು. ಮುಚ್ಚಳ ಹಾಕಿ ಎದ್ದೆ. ಮರೆತೆ.

ಆಮೇಲೆ ಯಾವತ್ತೋ ಬಿಳಿ ದಾರ ಬೇಕಾಗಿ ಮುಚ್ಚಳ ತೆಗೆದೆ. ಮೀನಿನ ಅಂಗಡಿಯ ವಾಸನೆ ಮುಖಕ್ಕೆ ಹೊಡೆಯಿತು. ದಾರದ ಮೇಲೆ ಹಳದಿ ಕಲೆ. ನನ್ನ ಉಗುರು ನೆನಪಾಯಿತು. ಹೊದಿಕೆಯ ಗಂಟು ನೆನಪಾಯಿತು. ಗಾಳಿಯಾಡದ ಕಡೆ ಎಣ್ಣೆ ಒಣಗುವುದಿಲ್ಲ, ಬಟ್ಟೆಗೆ ಹತ್ತುತ್ತದೆ. ಆ ಕಪಾಟಿನ ಪ್ರಸಂಗ ಆದಮೇಲೆ ಅವರು ಯಾವ ಖಾನೆಯ ಒಳಗೂ ಎಣ್ಣೆ ಮುಟ್ಟಿಸಿದವರಲ್ಲ.

ನನ್ನದು ದಾರದ ಪೆಟ್ಟಿಗೆ. ಒಳಗೆ ಬಿಳಿ ದಾರ ಇಡುತ್ತೇನೆ ಎಂದು ಅವರಿಗೆ ಗೊತ್ತು. "ಒಳಗೆ" ಎಂದು ಸೇರಿಸುವಷ್ಟರಲ್ಲಿ ಕೆಮ್ಮು ಬಂದಿತ್ತು. ಹೊರಗೆ ಎಣ್ಣೆ, ಒಳಗೆ ಎಣ್ಣೆ ಬೇಡ. ಅಷ್ಟೇ. ನನ್ನ ದಾರ ಕೆಡಬಾರದು ಎಂದು ಹೇಳಿದ್ದು. ನನಗೇ ಹೇಳಿದ್ದು.

ಅವರು ಹೋದ ಮೇಲೆ ಅವತ್ತೇ ಮೊದಲ ಸಲ ಹೊಟ್ಟೆತುಂಬ ಉಂಡೆ. ಪಾಲಿಶ್ ಬರಲಿ, ಮುಖದ ಮೇಲೆ ಹೇಳುತ್ತೇನೆ ಎಂದು ಕಾದೆ. ಮಾತನ್ನು ಹೇಗೆ ಶುರು ಮಾಡಬೇಕು ಎಂದು ಮಿಷನ್ ತುಳಿಯುತ್ತಾ ಜೋಡಿಸಿಕೊಂಡೆ.

ಬಹಳ ದಿನ ಅವನ ಪತ್ತೆ ಇರಲಿಲ್ಲ. ಬಂದದ್ದು ಒಂದು ಬೆಳಗ್ಗೆ. ಒಳಗೆ ಬರದೆ ಹೊಸ್ತಿಲಾಚೆಯೇ ನಿಂತ. ಗಡ್ಡ ತೆಗೆದಿದ್ದ, ಕೆನ್ನೆಯ ಮೇಲೆ ಅಲ್ಲಲ್ಲಿ ಗೀರು. ಒಗೆದ ಅಂಗಿ, ಗುಂಡಿ ಮೇಲೆ ಕೆಳಗೆ. ಬೈಯೋಣ ಎಂದು ಹತ್ತಿರ ಹೋದೆ. ವಾಸನೆ ಇರಲಿಲ್ಲ. ಕೈ ನೋಡಿದೆ. ನಡುಗುತ್ತಿತ್ತು.

"ಏನೋ, ಜ್ವರಾನಾ?"

"ಇಲ್ಲ ಅತ್ತಿಗೆ." ನೆಲ ನೋಡಿದ. "ನೀವು ಹೇಳಿದ್ದೇ ಸರಿ. ಅಣ್ಣ ನನಗೇ ಹೇಳಿದ್ದು. ಕಣ್ಣು ಮುಚ್ಚಿದ್ರೆ ಅದೇ ಕೇಳುತ್ತೆ. ಎಣ್ಣೆ ಬೇಡ, ಎಣ್ಣೆ ಬೇಡ. ನಾನೇ ಸುಳ್ಳು ಹೇಳ್ಕೊಂಡು ಆ ಮಾತನ್ನ ಪೆಟ್ಟಿಗೆ ಮೇಲೆ ಹಾಕ್ದೆ."

ನಾನು ಕಿಟಕಿಯಲ್ಲಿದ್ದ ಪೆಟ್ಟಿಗೆಯ ಕಡೆ ನೋಡಿದೆ.

"ಬಿಟ್ಟಿದ್ದೀನಿ. ಎಷ್ಟು ದಿನ ಅಂತ ಕೇಳ್ಬೇಡಿ, ಲೆಕ್ಕ ಹಾಕಿದ್ರೆ ಕೈ ಇನ್ನೂ ನಡುಗುತ್ತೆ. ಅಪ್ಪ ಹೇಳಿದ, ಹೆಂಡ್ತಿ ಹೇಳಿದಳು, ಡಾಕ್ಟ್ರು ಹೇಳಿದ್ರು. ಆಗಲಿಲ್ಲ. ಉಸಿರು ಹೋಗೋವಾಗ ಅಣ್ಣ ಆ ಉಸಿರು ನನಗೆ ಖರ್ಚು ಮಾಡಿದ್ದಾನೆ ಅತ್ತಿಗೆ. ಅದೊಂದನ್ನೇ ಹಿಡ್ಕೊಂಡಿದ್ದೀನಿ." ಮೂಗು ಒರೆಸಿಕೊಂಡ. "ಪೆಟ್ಟಿಗೆಗೆ ನೀವು ಎಣ್ಣೆ ಹಚ್ಚಿ. ಅದು ಅಣ್ಣನ ಆಸೆ."

ಜೋಡಿಸಿಟ್ಟ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದೆ. ಲೋಟ ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ.

"ಒಳಗಡೆ ಏನು ಹಚ್ಚೋದು?" ಎಂದು ಕೇಳಿದೆ.

"ಒಳಗೆ ಪಾಲಿಶ್ ಹಾಕ್ಬೇಕು. ನಾನೇ ಹಾಕಿಕೊಡ್ತೀನಿ. ಯಾರೂ ನೋಡದ ಕಡೆ ಅಲ್ವಾ, ಕೈ ನಡುಗಿದ್ರೂ ನಡೆಯುತ್ತೆ. ಬಾಟಲಿ ಮುಚ್ಚಳ ಮಾತ್ರ ನೀವೇ ತೆಗೀರಿ ಅತ್ತಿಗೆ, ನನಗೆ ದೂರ ಇಡಿ."

ಬೆಂಚಿನ ಕೆಳಗೆ ಅವನದೇ ಹಳೆಯ ಅರಗಿನ ಬಾಟಲಿ ಇತ್ತು, ಅದನ್ನು ನಾನು ಹಿಡಿದೆ. ಬಟ್ಟೆಯ ಉಂಡೆಗೆ ನಾನೇ ಸ್ವಲ್ಪ ಸ್ವಲ್ಪ ಸುರಿದೆ. ಅವನು ಮುಖ ಆ ಕಡೆ ತಿರುಗಿಸಿಕೊಂಡು ತೆಗೆದುಕೊಂಡ. ಖಾನೆ ಎಳೆದು, ಗೂಟಗಳ ಸುತ್ತ ಉಜ್ಜತೊಡಗಿದ. ಗೂಟ ಗೂಟಕ್ಕೂ ಬಗ್ಗಿ ನೋಡಿ, "ದಾರ ನಿಲ್ಲಿಸೋಕಾ? ಏನ್ ತಲೆ ಅಣ್ಣಂದು!" ಎಂದ. ಆಮೇಲೆ ತನ್ನಷ್ಟಕ್ಕೆ ಗೊಣಗಿದ.

"ಒಳಗೆ ಎಣ್ಣೆ ಹಚ್ಚಿದ್ರೆ ದಾರ ಕೆಡೋದು. ಅಣ್ಣನಿಗೆ ಗೊತ್ತಲ್ಲ, ಆ ಕಪಾಟು..."

ಅವನ ಕೈ ನಿಂತಿತು. ನಿಧಾನವಾಗಿ ತಲೆ ಎತ್ತಿ ನನ್ನನ್ನು ನೋಡಿದ. ಆ ಕಣ್ಣಲ್ಲಿ ಏನು ಬರುತ್ತಿದೆ ಎಂದು ನನಗೆ ತಿಳಿಯಿತು. ಹಿಡಿದುಕೊಂಡ ಹಗ್ಗ ಕೈಯಿಂದ ಜಾರುವವನ ಮುಖ.

"ಅತ್ತಿಗೆ... ಅಣ್ಣ ಹೇಳಿದ್ದು..."

"ನಿನಗೇ ಹೇಳಿದ್ದು" ಅಂದೆ. "ಪಕ್ಕದಲ್ಲಿ ನಿಂತವಳು ನಾನು. ನನಗೆ ಕೇಳಿಸಿದೆ. ಖಾನೆ ಸುದ್ದಿ ಅಲ್ಲ, ಕಪಾಟಿನ ಸುದ್ದಿ ಅಲ್ಲ. ಕುಡಿಯಬೇಡ ಅಂತ ನಿನಗೆ ಹೇಳಿದ್ದು. ಈಗ ಬಾಯಿ ಮುಚ್ಕೊಂಡು ಉಜ್ಜು, ಮೂಲೆ ಬಿಟ್ಟಿದ್ದೀಯ."

ಅವನು ಬಗ್ಗಿ ಮೂಲೆ ಉಜ್ಜಿದ.

ಅವನು ಹೋದ ಮೇಲೆ ನಾನು ಪೆಟ್ಟಿಗೆಯ ಹೊರಗೆ ಎಣ್ಣೆ ಒರೆಸಿದೆ. ಮುಚ್ಚಳ, ಮಗ್ಗುಲುಗಳು, ಗುಂಡಿಯ ಆಕಾರದ ಹಿಡಿ. ಹಿಡಿಯ ತೂತುಗಳಿಗೆ ಸೂಜಿಗೆ ಬಟ್ಟೆ ಸುತ್ತಿ ಒರೆಸಿದೆ. ಅಳು ಬಂತು. ಎಣ್ಣೆಯ ಮೇಲೆ ನೀರು ಬೀಳಬಾರದು ಎಂದು ಪಕ್ಕಕ್ಕೆ ತಿರುಗಿ ಅತ್ತೆ.

ಈಗ ಅದು ಕಿಟಕಿಯಲ್ಲಿ, ಅವರ ಬೆಂಚಿನ ಮೇಲೆ ಇದೆ. ದಿನಾ ಒಂಚೂರು ಕೆಂಪಗಾಗುತ್ತಿದೆ. ಮಗಳು ಬಂದಾಗಲೆಲ್ಲ ಕೈ ಆಡಿಸುತ್ತಾಳೆ. ಹೊಳಪಿನ ಮಾತು ಎತ್ತುವುದಿಲ್ಲ. ಒಳಗೆ ಬಿಳಿ ದಾರ ಬೆಳ್ಳಗೇ ಇದೆ. ಪಾಲಿಶ್‌ನ ಹೆಂಡತಿ ಇನ್ನೂ ತಮ್ಮನ ಮನೆಯಲ್ಲೇ ಇದ್ದಾಳೆ, ನೋಡೋಣ ಅಂದಿದ್ದಾಳಂತೆ. ಅವನು ಸಂಜೆ ಸಂಜೆ ಬಂದು ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಕೂರುತ್ತಾನೆ. ಅದು ಅವನಿಗೆ ಕಷ್ಟದ ಹೊತ್ತು. ಹಳೇ ಜೋಕು ಹೇಳುವುದಿಲ್ಲ.

ಅವನಿಗಾಗಿ ಬಿಸ್ಕತ್ತು ತಂದು ಆ ಡಬ್ಬದಲ್ಲೇ ಇಟ್ಟಿದ್ದೇನೆ. ಸೋಡ ಹಾಕಿ ತೊಳೆದೆ, ವಾಸನೆ ಹೋಗಿದೆ. ಆದರೆ ಅವನು ಮುಚ್ಚಳ ತೆಗೆಯುವುದೇ ಇಲ್ಲ. ದಾರ ಇದೆ ಎಂದುಕೊಂಡಿದ್ದಾನೆ. ಪ್ರತಿ ಸಲ ನಾನೇ ತೆಗೆದು ಕೊಡಬೇಕು.